ಲಿಫ್ಟಿನಲ್ಲಿ ನಡೆದ ಆಯ್ಕೆ

ಕುವೈತಿನ ಸಾಲ್ಮಿಯಾದಲ್ಲಿರುವ ನಮ್ಮ ಕಟ್ಟಡಕ್ಕೆ ಒಂಬತ್ತು ಮಹಡಿ, ಒಂದು ಲಿಫ್ಟು. ಎರಡನೆಯ ಲಿಫ್ಟೂ ಉಂಟು. ಆದರೆ ಅದರ ಬಾಗಿಲಿಗೆ ಅಂಟಿಸಿದ ‘ರಿಪೇರಿಯಲ್ಲಿದೆ’ ಎಂಬ ಕಾಗದವನ್ನು ನಾನು ಇಲ್ಲಿಗೆ ಬಂದ ವರ್ಷದಿಂದ ಯಾರೂ ಕಿತ್ತಿಲ್ಲವಾದ್ದರಿಂದ ಅದನ್ನು ಗೋಡೆಯೆಂದೇ ತಿಳಿದಿದ್ದೇವೆ. ಕೆಲಸ ಮಾಡುವ ಲಿಫ್ಟು ನೆಲಮಹಡಿಯಿಂದ ನಮ್ಮ ಏಳನೆಯ ಮಹಡಿಗೆ ತಲುಪಲು ನಲವತ್ತೊಂದು ಸೆಕೆಂಡು ತೆಗೆದುಕೊಳ್ಳುತ್ತದೆ. ಇದನ್ನು ನಾನು ಹಲವು ಸಲ ಅಳೆದಿದ್ದೇನೆ. ಕುಡಿಯುವ ನೀರಿನ ಪ್ರಯೋಗಾಲಯದಲ್ಲಿ ಹದಿನಾರು ವರ್ಷ ಕೆಲಸ ಮಾಡಿದವಳಿಗೆ ಕೈಗೆ ಸಿಕ್ಕಿದ್ದನ್ನೆಲ್ಲ ಅಳೆಯುವ ಚಾಳಿ ಬರುತ್ತದೆ. ಆದರೆ ನಲವತ್ತೊಂದು ಸೆಕೆಂಡಿನಲ್ಲಿ ಒಬ್ಬ ಮನುಷ್ಯ ತನಗೆ ತಾನೇ ಎಷ್ಟು ತೊಂದರೆ ತಂದುಕೊಳ್ಳಬಹುದು ಎಂಬುದಕ್ಕೆ ನನ್ನ ಬಳಿ ಅಂಕಿಅಂಶ ಇರಲಿಲ್ಲ. ನಮ್ಮ ಎದುರು ಮನೆಯ ಕೊನ್ರಾಡ್ ಪಿಂಟೊ ಅದನ್ನು ಒದಗಿಸಿದರು.

ಕೊನ್ರಾಡ್ ಉಡುಪಿ ಹತ್ತಿರದ ಶಿರ್ವದ ಕಡೆಯವರು. ಇಲ್ಲಿನ ರಾಯ್ ಎಂಬ ಪ್ರದೇಶದಲ್ಲಿ ಒಂದು ಕಾರ್ ಶೋರೂಮಿನ ವಾರಂಟಿ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದಾರೆ. ಹೆಂಡತಿ ಪ್ರೀಮಾ ನರ್ಸ್. ಒಬ್ಬಳೇ ಮಗಳು ರೋಶ್ನಿ ಹನ್ನೊಂದನೆಯ ತರಗತಿಯಲ್ಲಿ ಓದುತ್ತಾ ಶಾಲೆಯ ಫುಟ್‌ಬಾಲ್ ತಂಡದಲ್ಲಿ ಎಡಬದಿಯಿಂದ ಓಡುವ ಆಟಗಾರ್ತಿ. ಅದೇ ತಂಡದ ಗೋಲು ಕಾಯುವ ಗೋಲಿಯೂ ಕ್ಯಾಪ್ಟನ್ನೂ ಆದ ಫರ್ಸಾನಾ ಐದನೆಯ ಮಹಡಿಯ ಅಹ್ಮದ್ ಬಾವಾರ ಮಗಳು. ಇಬ್ಬರೂ ಚೆಂಡು ಒದೆಯಲು ಕಲಿತದ್ದು ನಮ್ಮ ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗಿನಲ್ಲಿ, ಎರಡು ಕಂಬಗಳನ್ನು ಗೋಲು ಮಾಡಿಕೊಂಡು. ಕೊನ್ರಾಡರ ಕಾರಿನ ಎಡಬಾಗಿಲಿನಲ್ಲಿರುವ ತಗ್ಗು ರೋಶ್ನಿ ಏಳನೆಯ ವಯಸ್ಸಿನಲ್ಲಿ ಹೊಡೆದ ಗೋಲಿನ ದಾಖಲೆ. ಅಷ್ಟು ವರ್ಷ ವಾರಂಟಿಯಲ್ಲಿದ್ದೂ ಅದನ್ನು ಅವರು ಸರಿ ಮಾಡಿಸಿಲ್ಲ.

ಕಳೆದ ಚಳಿಗಾಲದಲ್ಲಿ ಶೋರೂಮಿನ ಲೆಬನಾನಿ ಮ್ಯಾನೇಜರನ ಮಗಳಿಗೆ ಅಮೆರಿಕದ ಕಾಲೇಜೊಂದರಲ್ಲಿ ಫುಟ್‌ಬಾಲಿನ ಬಲದಿಂದ ಸೀಟು ಸಿಕ್ಕಿತು. ‘ಶಾಲೆಯ ಆಟವನ್ನು ಯಾರೂ ನೋಡುವುದಿಲ್ಲ. ಕ್ಲಬ್, ಹಬೀಬಿ, ಕ್ಲಬ್’ ಎಂದು ಆತ ಕೊನ್ರಾಡರ ಹೆಗಲು ತಟ್ಟಿದ. ಒಂದೇ ಒಂದು ಮಾದರಿಯಿಂದ ತೀರ್ಮಾನಕ್ಕೆ ಬರಬಾರದು ಎಂಬುದು ನಮ್ಮ ಪ್ರಯೋಗಾಲಯದ ಮೊದಲ ಪಾಠ. ಕೊನ್ರಾಡ್ ನಮ್ಮ ಪ್ರಯೋಗಾಲಯದವರಲ್ಲ. ಅದೇ ವಾರ ರೋಶ್ನಿಯನ್ನು ಸುಲೈಬಿಯಾದ ಗೋದಾಮುಗಳ ಹಿಂದೆ ಹುಲ್ಲಿನ ಮೈದಾನ ಇರುವ ಒಂದು ಕ್ಲಬ್ಬಿಗೆ ಸೇರಿಸಿದರು. ಬಳಿಕ ಅಮೆರಿಕದ ಒಂದು ಸಣ್ಣ ಕಾಲೇಜಿನ ವೆಬ್‌ಸೈಟಿನಲ್ಲಿ ಆಟಗಾರರು ತುಂಬಬೇಕಾದ ಫಾರಂ ತುಂಬಿ ಕಳಿಸಿದರು. ಎತ್ತರ, ತೂಕ, ಅಂಕಗಳು, ಯಾವ ಕಾಲಿನಿಂದ ಒದೆಯುತ್ತಾಳೆ ಎಲ್ಲ ಬರೆದು, ‘ಇತರ ವಿಷಯ’ ಎಂಬಲ್ಲಿ ‘ದೈವಭಕ್ತಿ ಉಂಟು’ ಎಂದೂ ಸೇರಿಸಿದರು.

ನಾಲ್ಕು ಸೆಕೆಂಡಿನಲ್ಲಿ ಉತ್ತರ ಬಂತು. ‘ನಿಮ್ಮ ಆಸಕ್ತಿಗೆ ಧನ್ಯವಾದ. ನಿಮ್ಮ ಬೆಳವಣಿಗೆಯನ್ನು ಗಮನಿಸಲು ನಾವು ಉತ್ಸುಕರಾಗಿದ್ದೇವೆ.’ ಕೆಳಗೆ ಏಳು ಅಂಕಿಗಳ ಒಂದು ನಂಬರ್.

ಆ ಸಂಜೆ ನಾನು ಲಿಫ್ಟಿಗೆ ಹತ್ತಿದಾಗ ಒಳಗೆ ಕೊನ್ರಾಡ್ ಮತ್ತು ಅಹ್ಮದ್ ಬಾವಾ ಇಬ್ಬರೂ ಇದ್ದರು. ಬಾಗಿಲು ಮುಚ್ಚಿತು.

“ಬಾವಾಕಾ, ರೋಶ್ನಿಗೆ ನಂಬರ್ ಬಂತು.”

“ಎಂತದರ ನಂಬರ್ ಪೊರ್ಬುಗಳೇ?” ಊರಿನಲ್ಲಿ ಕ್ರೈಸ್ತರನ್ನು ಪೊರ್ಬುಗಳು ಎನ್ನುವ ಕ್ರಮದಂತೆ ಬಾವಾ ಅವರನ್ನು ಹಾಗೆಯೇ ಕರೆಯುವುದು.

“ಅಮೆರಿಕದ ಕಾಲೇಜಿಂದು. ಫುಟ್‌ಬಾಲಿಗೆ. ನಾಲ್ಕು ಸೆಕೆಂಡಲ್ಲಿ ಕಳಿಸಿದ್ರು.”

“ನಾಲ್ಕೇ ಸೆಕೆಂಡಾ?”

“ಮೂರೂವರೆ ಅಂತ ಇಡಿ.”

“ಯಾ ಅಲ್ಲಾ. ಅಷ್ಟು ಅರ್ಜೆಂಟ್ ಉಂಟಾ ಅವರಿಗೆ?”

ಅಷ್ಟು ಬೇಗ ಬಂದ ಉತ್ತರ ಕಂಪ್ಯೂಟರ್ ತಾನಾಗಿ ಕಳಿಸುವಂಥದ್ದು ಇರಬಹುದು ಎಂದು ನಾನು ಮೆಲ್ಲಗೆ ಹೇಳಿದೆ. ಕೊನ್ರಾಡ್ ನನ್ನನ್ನು ಕರುಣೆಯಿಂದ ನೋಡಿದರು.

“ರಾಜೀವಕ್ಕ, ನೀವು ನೀರಿನವರು. ನಾನು ಇಪ್ಪತ್ತೆರಡು ವರ್ಷ ವಾರಂಟಿಯಲ್ಲಿ ಇದ್ದೇನೆ. ನಾವು ಗಿರಾಕಿಗೆ ನಂಬರ್ ಕೊಡುವುದು ಯಾವಾಗ? ಕ್ಲೇಮ್ ಒಪ್ಪಿದ ಮೇಲೆ. ಒಪ್ಪದಿದ್ದರೆ ಒಂದು ನಂಬರನ್ನು ಎಂತಕ್ಕೆ ಹಾಳು ಮಾಡ್ತಾರೆ ಹೇಳಿ.”

ಅಷ್ಟರಲ್ಲಿ ಐದನೆಯ ಮಹಡಿ ಬಂತು. ಬಾವಾ ಹೊರಗಿಳಿದು, ಬಾಗಿಲು ಮುಚ್ಚದ ಹಾಗೆ ಪಾದ ಅಡ್ಡವಿಟ್ಟು, “ಹುಡುಗಿಯ ಒಂದು ಒಳ್ಳೆ ಫೋಟೊ ವಾಟ್ಸ್ಯಾಪ್ ಮಾಡಿ ಪೊರ್ಬುಗಳೇ, ನಗುವಂಥದ್ದು” ಎಂದರು.

ಆಗಲೇ ನಾನು ಎಚ್ಚರಗೊಳ್ಳಬೇಕಿತ್ತು. ಬಾವಾ ರಾಯ್‌ನಲ್ಲಿ ಫ್ಲೆಕ್ಸ್ ಮುದ್ರಿಸುವ ಅಂಗಡಿಯ ಮೇಲ್ವಿಚಾರಕರು, ಜೊತೆಗೆ ನಮ್ಮ ಊರವರ ಕರಾವಳಿ ಬಳಗದ ಕಾರ್ಯದರ್ಶಿ. ಫ್ಲೆಕ್ಸಿನಲ್ಲಿ ಬಾರದ ಘಟನೆ ನಡೆದೇ ಇಲ್ಲ ಎಂಬುದು ಅವರ ನಂಬಿಕೆ. ಗುರುವಾರ ಸಂಜೆಗೆ ಹತ್ತು ಅಡಿ ಉದ್ದ, ಆರು ಅಡಿ ಎತ್ತರದ ಫ್ಲೆಕ್ಸ್ ಕಟ್ಟಡದ ಪ್ರವೇಶದಲ್ಲಿ ಬಿಚ್ಚಿಕೊಂಡಿತು. ರೋಶ್ನಿಯ ನಗುವ ಮುಖ, ಹಿನ್ನೆಲೆಯಲ್ಲಿ ಅಮೆರಿಕದ ಬಾವುಟ, ಒಂದು ಹದ್ದು, ಕುವೈತಿನ ಗೋಪುರಗಳು. ‘ಅಮೆರಿಕದ ಕಾಲೇಜು ತಂಡಕ್ಕೆ ಆಯ್ಕೆಯಾದ ನಮ್ಮ ಊರ ಹೆಮ್ಮೆ ಕುಮಾರಿ ರೋಶ್ನಿ ಪಿಂಟೊ ಅವರಿಗೆ ಹಾರ್ದಿಕ ಅಭಿನಂದನೆಗಳು.’ ಕೆಳಗೆ ಅದನ್ನೇ ಇಂಗ್ಲಿಷಿನಲ್ಲಿ, ಇನ್ನೂ ದೊಡ್ಡ ಅಕ್ಷರಗಳಲ್ಲಿ. ಬಳಗದ ವಾರ್ಷಿಕೋತ್ಸವದಂದು, ಮಾರ್ಚ್ ಕೊನೆಯ ಶುಕ್ರವಾರ, ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಕೊಟ್ಟು ಸನ್ಮಾನ ಎಂದೂ ಇತ್ತು.

ಕಟ್ಟಡದ ಈಜಿಪ್ಟಿನ ಕಾವಲುಗಾರ ಎರಡು ದಿನವೂ ರೋಶ್ನಿಗೆ ಮೊಹರು ಒಡೆಯದ ನೀರಿನ ಬಾಟಲಿ ಕೊಟ್ಟು ‘ಮಬ್ರೂಕ್’ ಎಂದು ಅಭಿನಂದಿಸಿದ. ಪ್ರೀಮಾಳ ವಾರ್ಡಿನ ನರ್ಸುಗಳು ಕೇಕ್ ಕತ್ತರಿಸಿದರು. ಶಿರ್ವದಿಂದ ಕೊನ್ರಾಡರ ತಂಗಿ ಕ್ಯಾಥರಿನ್ ಫೋನ್ ಮಾಡಿ, ಅಲ್ಲಿ ಹಿಮ ಬೀಳ್ತದಂತೆ, ಹುಡುಗಿಗೆ ಉಣ್ಣೆಯ ಟೊಪ್ಪಿ ಹೆಣೆಯಲು ಶುರು ಮಾಡಿದ್ದೇನೆ, ತಲೆಯ ಅಳತೆ ಹೇಳು ಎಂದರು.

“ಪಪ್ಪಾ, ಇಟ್ಸ್ ಜಸ್ಟ್ ಆ್ಯನ್ ಆಟೋ ರಿಪ್ಲೈ” ಎಂದಳು ರೋಶ್ನಿ. ಮನೆಯೊಳಗೆ ಅವರದು ಕೊಂಕಣಿ. ಅವಳು ಕೊಂಕಣಿ, ಕನ್ನಡ ಎರಡಕ್ಕೂ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ.

“ನಿನಗೆ ಅರ್ಥ ಆಗುದಿಲ್ಲ ಮಗಾ. ನೀನು ಈಗ ಅಳತೆಯ ಟೇಪು ತಾ.”

ಇಲ್ಲಿಯವರೆಗೆ ಎಲ್ಲವೂ ನಿರಪಾಯವಾಗಿತ್ತು. ಆದರೆ ಆಯ್ಕೆಯಾದ ಹುಡುಗಿಯ ತಂದೆ ಗಂಭೀರವಾಗಿರಬೇಕು ಎಂದು ಕೊನ್ರಾಡರಿಗೆ ತೋರಿತು. ಶಾಲೆಯ ದೈಹಿಕ ಶಿಕ್ಷಕ ಹರ್ಬರ್ಟ್ ಸರ್‌ಗೆ ಒಂದು ಪತ್ರ ಬರೆದು, ರೋಶ್ನಿ ಇನ್ನು ಕ್ಲಬ್ಬಿಗೆ ಮಾತ್ರ ಆಡುವಳು, ಶಾಲಾ ತಂಡದಿಂದ ಅವಳ ಹೆಸರು ತೆಗೆಯಬೇಕು ಎಂದು ವಿನಂತಿಸಿಕೊಂಡರು. ಅಂತರ ಶಾಲಾ ಫೈನಲಿಗೆ ಮೂರು ವಾರ ಇತ್ತು.

ಹರ್ಬರ್ಟ್ ಸರ್ ಕುತ್ತಿಗೆಯಲ್ಲಿ ಸೀಟಿ ಕಟ್ಟಿಕೊಂಡೇ ಚರ್ಚಿಗೂ ಹೋಗುವ ಮನುಷ್ಯ. ಪತ್ರ ಓದಿ, ಕನ್ನಡಕ ತೆಗೆದು, “ಎಂತ ಕೊನ್ರಾಡ್ ಇದು?” ಎಂದರು.

“ಶಾಲೆಯ ಆಟ ಯಾರೂ ನೋಡುವುದಿಲ್ಲವಂತೆ ಸರ್.”

“ನಾನು ನೋಡ್ತೇನೆ ಅಲ್ಲ ಮಾರಾಯ” ಎಂದರು ಹರ್ಬರ್ಟ್ ಸರ್. “ಮೂವತ್ತು ವರ್ಷದಿಂದ ಅದನ್ನೇ ನೋಡ್ತಾ ಇದ್ದೇನೆ.”

ಕೊನ್ರಾಡ್ ‘ಥ್ಯಾಂಕ್ಯೂ ಸರ್’ ಎಂದು ಹೇಳಿ ಬಂದರು.

ಮರುದಿನದಿಂದ ಫರ್ಸಾನಾ ಲಿಫ್ಟು ಬಿಟ್ಟು ಐದನೆಯ ಮಹಡಿಗೆ ಮೆಟ್ಟಿಲು ಹತ್ತತೊಡಗಿದಳು. ರೋಶ್ನಿ ಇರುವ ಲಿಫ್ಟಿನಲ್ಲಿ ಉಸಿರಾಡುವುದಕ್ಕಿಂತ ಇದು ಸುಲಭ ಎಂದು ಅವಳ ಲೆಕ್ಕ. ಒಂದು ಮಧ್ಯಾಹ್ನ ರೋಶ್ನಿ ನಮ್ಮ ಮನೆಗೆ ರಸಾಯನಶಾಸ್ತ್ರ ಹೇಳಿಸಿಕೊಳ್ಳಲು ಬಂದವಳು ಪುಸ್ತಕ ತೆರೆಯದೆ ಕುಳಿತಳು. ಮುಂದಿನ ವರ್ಷ ಹನ್ನೆರಡನೆಯ ತರಗತಿ. ಆ ತರಗತಿಯವರನ್ನು ಶಾಲೆ ಮೈದಾನಕ್ಕೆ ಬಿಡುವುದಿಲ್ಲ.

“ಇಟ್ಸ್ ಮೈ ಲಾಸ್ಟ್ ಫೈನಲ್, ಆಂಟಿ” ಎಂದಳು. ಬಳಿಕ ಕನ್ನಡದಲ್ಲಿ, “ಪಾಚು ನನ್ನ ಹತ್ರ ಮಾತಾಡುದಿಲ್ಲ” ಎಂದಳು. ಪಾಚು ಎಂದರೆ ಫರ್ಸಾನಾ. ಅವಳು ಕನ್ನಡ ಆಡಿದ್ದು ಕೇಳಿಯೇ ವಿಷಯ ಎಷ್ಟು ಗಂಭೀರ ಎಂದು ನನಗೆ ಗೊತ್ತಾಯಿತು.

ಇತ್ತ ಕೊನ್ರಾಡರಿಗೆ ಕಾಲೇಜಿಗೆ ಆಟದ ವಿಡಿಯೊ ಕಳಿಸಬೇಕು ಎಂದು ತಿಳಿಯಿತು. ನಮ್ಮವರಿಗೆ ವಿಡಿಯೊ ಎಂದರೆ ಶಬೀರ್. ಕುವೈತಿನಲ್ಲಿ ನಮ್ಮ ಊರವರ ಮದುವೆ, ನಿಶ್ಚಿತಾರ್ಥ, ಮಗುವಿನ ನಾಮಕರಣ ಯಾವುದೂ ಶಬೀರನ ಕ್ಯಾಮೆರಾ ಇಲ್ಲದೆ ಊರ್ಜಿತವಾಗುವುದಿಲ್ಲ. ಕ್ಲಬ್ಬಿನ ಪಂದ್ಯದ ದಿನ ಆತ ಇಬ್ಬರು ಸಹಾಯಕರೊಂದಿಗೆ ಸುಲೈಬಿಯಾಕ್ಕೆ ಬಂದು ಮೊದಲು ಕೇಳಿದ ಪ್ರಶ್ನೆ, “ಹಿರಿಯರು ಯಾರು ಬಂದಿದ್ದಾರೆ?”

ಕೊನ್ರಾಡ್ ಮತ್ತು ಪ್ರೀಮಾ ಗೇಟಿನಿಂದ ನಿಧಾನವಾಗಿ ನಡೆದು ಬರುವುದನ್ನು ಮೂರು ಸಲ ತೆಗೆದ. ರೋಶ್ನಿ ಬೂಟಿನ ದಾರ ಕಟ್ಟುವುದನ್ನು ಎಡದಿಂದ, ಬಲದಿಂದ, ನೆಲಕ್ಕೆ ಮಲಗಿ ಕೆಳಗಿನಿಂದ ತೆಗೆದ. ಕ್ಲಬ್ಬಿನ ತರಬೇತುದಾರ ಕ್ಯಾಪ್ಟನ್ ತಾರಿಕ್ ಈಜಿಪ್ಟಿನವರು, ಅಲ್ಲಿ ತರಬೇತುದಾರರನ್ನೂ ಕ್ಯಾಪ್ಟನ್ ಎಂದೇ ಕರೆಯುವುದು. ಅವರ ಬಳಿ ಇಪ್ಪತ್ತಾರು ಹುಡುಗಿಯರು, ಎಡಬದಿಗೇ ಮೂವರು. ರೋಶ್ನಿ ಬಂದು ಎರಡು ತಿಂಗಳೂ ಆಗಿಲ್ಲವಾದ್ದರಿಂದ ಅವಳನ್ನು ಬೆಂಚಿನಲ್ಲಿ ಕೂರಿಸಿದರು. ಕೊನೆಯ ಹನ್ನೊಂದು ನಿಮಿಷ ಆಡಿಸಿದರು. ಆ ಹನ್ನೊಂದು ನಿಮಿಷದಲ್ಲಿ ಅವಳು ಎಡಗೆರೆಯ ಗುಂಟ ಇಬ್ಬರನ್ನು ದಾಟಿ, ಓಟ ನಿಲ್ಲಿಸದೆ ಕಳಿಸಿದ ಚೆಂಡು ನೇರ ತನ್ನ ತಂಡದವಳ ತಲೆಗೆ ಹೋಗಿ ಗೋಲಾಯಿತು. ಆ ಕ್ಷಣದಲ್ಲಿ ಶಬೀರ್ ಕ್ಯಾಪ್ಟನ್ ತಾರಿಕ್ ಚಹಾ ಕುಡಿಯುವುದನ್ನು ಚಿತ್ರೀಕರಿಸುತ್ತಿದ್ದ.

“ಎಂತ ಶಬೀರ್ ಇದು, ಗೋಲು ಹೋಯ್ತಲ್ಲ” ಎಂದೆ, ಪ್ರೀಮಾಳ ಜೊತೆ ಬಂದಿದ್ದ ನಾನು.

“ಗೋಲು ಇನ್ನೊಂದು ಬರ್ತದೆ ಅಕ್ಕಾ” ಎಂದ ಆತ. “ದೊಡ್ಡವರ ಮುಖ ಬಿಟ್ಟುಹೋದರೆ ಕಷ್ಟ. ಒಮ್ಮೆ ಮದುಮಗನ ಚಿಕ್ಕಪ್ಪನ ಮುಖ ಬಿಟ್ಟುಹೋಗಿ ಎರಡು ಮನೆಯವರು ಮಾತು ಬಿಟ್ಟಿದ್ದಾರೆ. ಈಗಲೂ ಇಲ್ಲ.”

ವಿಡಿಯೊ ತಯಾರಾದ ಮೇಲೆ ಕೊನ್ರಾಡರ ಮನೆಯಲ್ಲಿ ಪ್ರದರ್ಶನ ನಡೆಯಿತು. ಮೂವತ್ತೆಂಟು ನಿಮಿಷ. ಆಕಾಶದಿಂದ ಸಾಲ್ಮಿಯಾದ ಸಮುದ್ರತೀರ, ರೋಶ್ನಿ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆದಾಗಿನ ಫೋಟೊ, ಕೊಳಲಿನ ಹಿನ್ನೆಲೆಯಲ್ಲಿ ಅವಳು ನೀರು ಕುಡಿಯುವುದು, ಬೂಟಿನ ದಾರ, ಬೂಟಿನ ದಾರ, ಬೂಟಿನ ದಾರ. ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಬಂದಿದ್ದ, ಬಾವಾರ ಹೆಂಡತಿ ರಮ್ಲಾಳ ತಾಯಿ ಕುಂಞಿಪಾತುಮ್ಮ ಮುಂದಿನ ಸೋಫಾದಲ್ಲಿ ಕಣ್ಣು ಮಿಟುಕಿಸದೆ ನೋಡಿದರು. ಮುಗಿದಾಗ ನಿಟ್ಟುಸಿರು ಬಿಟ್ಟು, “ಎಲ್ಲ ಲಾಯ್ಕುಂಟು. ಮದುಮಗ ಯಾವಾಗ ಬರುವುದು?” ಎಂದರು.

ನಾನು ಗಡಿಯಾರ ಹಿಡಿದು ಕುಳಿತಿದ್ದೆ. ಮೂವತ್ತೆಂಟು ನಿಮಿಷಗಳಲ್ಲಿ ಚೆಂಡು ಕಾಣಿಸಿದ್ದು ಒಂದು ನಿಮಿಷ ಐವತ್ತು ಸೆಕೆಂಡು. ಅದರಲ್ಲೂ ಇಪ್ಪತ್ತು ಸೆಕೆಂಡು ಅದು ಯಾರ ಕಾಲಿನ ಬಳಿಯೂ ಇರದೆ ಒಂದು ಬೇಲಿಯ ಪಕ್ಕ ಸುಮ್ಮನೆ ಬಿದ್ದಿತ್ತು.

ಕಾಲೇಜಿನ ಉತ್ತರಕ್ಕೆ ಈ ಸಲ ಮೂರು ದಿನ ಹಿಡಿಯಿತು. “ಮೊದಲು ನಾಲ್ಕು ಸೆಕೆಂಡು, ಈಗ ಮೂರು ದಿನ. ಅವರ ಆಸಕ್ತಿ ಕಮ್ಮಿ ಆಗ್ತಾ ಉಂಟು” ಎಂದು ಕೊನ್ರಾಡ್ ಕಂಗಾಲಾಗಿದ್ದರು. ಬಂದದ್ದು ಮಾರ್ಗೊ ಎಂಬ ತರಬೇತುದಾರ್ತಿ ಸ್ವತಃ ಬರೆದ ಪತ್ರ. ಅದರ ಸಾರಾಂಶ ಹೀಗಿತ್ತು: ‘ನಿಮ್ಮ ಕುಟುಂಬ ಬಹಳ ಆತ್ಮೀಯವಾಗಿದೆ. ರೋಶ್ನಿ ಬೂಟಿನ ದಾರ ಚೆನ್ನಾಗಿ ಕಟ್ಟುತ್ತಾಳೆ. ಅವಳು ಆಡುವುದನ್ನು ನೋಡಬಹುದೇ? ಮೊದಲಿನಿಂದ ಕೊನೆಯವರೆಗೆ ಅವಳು ಆಡಿದ ಒಂದು ಪೂರ್ತಿ ಪಂದ್ಯ ಕಳಿಸಿ. ಒಂದೇ ಕ್ಯಾಮೆರಾ ಸಾಕು, ಸಂಗೀತ ಬೇಡ, ಕತ್ತರಿಸಬೇಡಿ. ಕ್ಲಬ್ಬಿನದಾದರೂ ಸರಿ, ಶಾಲೆಯದಾದರೂ ಸರಿ.’

ಕೊನ್ರಾಡ್ ಕೊನೆಯ ಸಾಲನ್ನು ಐದು ಸಲ ಓದಿದರು.

“ಶಾಲೆಯದಾದರೂ ಸರಿ ಅಂತ ಉಂಟಲ್ಲ ರಾಜೀವಕ್ಕ.”

“ಉಂಟು.”

“ಕ್ಲಬ್ಬಿನಲ್ಲಿ ಹನ್ನೊಂದು ನಿಮಿಷ ಆಡಿಸ್ತಾರೆ.”

“ಹೌದು.”

“ಪೂರ್ತಿ ಆಡುವುದು ಶಾಲೆಯಲ್ಲಿ ಮಾತ್ರ.”

“ಅಲ್ಲಿಂದ ನೀವು ಬಿಡಿಸಿದ್ದೀರಿ” ಎಂದಳು ಅಡುಗೆಮನೆಯಿಂದ ಪ್ರೀಮಾ. ಅಲ್ಲಿಯವರೆಗೆ ಅವಳು ಈ ವಿಷಯದಲ್ಲಿ ಒಂದು ಮಾತೂ ಆಡಿರಲಿಲ್ಲ. ಬಾಣಲೆಯಲ್ಲಿ ಮೀನು ತಿರುವಿ ಹಾಕಿದ ಸದ್ದು ಮಾತ್ರ ಸ್ವಲ್ಪ ಜೋರಾಗಿ ಕೇಳಿಸಿತು.

ಇಲ್ಲಿ ವಾರದ ರಜೆಯಾದ ಶುಕ್ರವಾರದ ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಕೊನ್ರಾಡ್ ಹರ್ಬರ್ಟ್ ಸರ್ ಎದುರು ನಿಂತರು. ಇದನ್ನು ನನಗೆ ಪ್ರೀಮಾ ಹೇಳಿದ್ದು.

“ಸರ್, ನಾನು ಆವತ್ತು ಒಂದು ಕಾಗದ ಕೊಟ್ಟಿದ್ದೆ.”

“ಯಾವ ಕಾಗದ?”

“ರೋಶ್ನಿಯ ಹೆಸರು ತೆಗೀಲಿಕ್ಕೆ.”

“ಓ ಅದಾ. ಅದರಲ್ಲಿ ನಾನು ನೆಲಗಡಲೆ ಕಟ್ಟಿಕೊಂಡು ಹೋದೆ” ಎಂದರು ಹರ್ಬರ್ಟ್ ಸರ್. “ಹೆಸರು ಇದ್ದಲ್ಲೇ ಉಂಟು. ಆದರೆ ನನ್ನ ತಂಡದಲ್ಲಿ ಯಾರು ಆಡುವುದು ಅಂತ ಕ್ಯಾಪ್ಟನ್ ಒಪ್ಪಬೇಕು. ಅವಳನ್ನು ಕೇಳಿ.”

ಹೀಗೆ ಇಪ್ಪತ್ತೆರಡು ವರ್ಷಗಳ ಅನುಭವವುಳ್ಳ ವಾರಂಟಿ ಅಧಿಕಾರಿಯೊಬ್ಬರು ಅದೇ ಸಂಜೆ ಐದನೆಯ ಮಹಡಿಯ ಮನೆಯಲ್ಲಿ, ಹದಿನಾರು ವರ್ಷದ ಗೋಲಿಯ ಎದುರು, ಸೋಫಾದ ತುದಿಯಲ್ಲಿ ಕುಳಿತರು. ಧೈರ್ಯಕ್ಕೆಂದು ನನ್ನನ್ನೂ ಕರೆದುಕೊಂಡು ಹೋಗಿದ್ದರು. ರಮ್ಲಾ ಚಹಾ ಮತ್ತು ಬಾಳೆಹಣ್ಣಿನ ಸಿಹಿತಿಂಡಿ ಉನ್ನಕ್ಕಾಯಿ ತಂದಿಟ್ಟಳು. ಬಾವಾ ಮಧ್ಯೆ ಬಾಯಿ ಹಾಕಲು ಹೋದಾಗ ಫರ್ಸಾನಾ “ಬಾಪಾ, ಸುಮ್ಮನಿರಿ” ಎಂದಳು. ಅವರು ಒಂದು ಉನ್ನಕ್ಕಾಯಿ ಬಾಯಿಗೆ ಹಾಕಿಕೊಂಡರು.

“ಅಂಕಲ್, ರೋಶ್ನಿ ಬರಲಿ” ಎಂದಳು ಫರ್ಸಾನಾ. “ನೀವು ಬರಬೇಡಿ.”

“ಪಾಚು, ನಾನು ಅವಳ ತಂದೆ ಅಲ್ವಾ.”

ಅವಳು ಯೋಚಿಸಿದಳು. ಪೆನಾಲ್ಟಿ ಹೊಡೆಯುವವಳ ಕಾಲು ನೋಡುವ ಹಾಗೆ ಅವರನ್ನು ನೋಡಿದಳು. “ಹಾಗಾದರೆ ಬನ್ನಿ. ಆ ಕಡೆಯ ಗೋಲಿನ ಹಿಂದೆ ಕೂತ್ಕೊಳ್ಳಿ. ಪಂದ್ಯ ಮುಗಿಯುವವರೆಗೆ ಒಂದು ಮಾತೂ ಆಡಬಾರದು. ಆಡಿದರೆ ಅವಳನ್ನು ಹೊರಗೆ ಕಳಿಸ್ತೇನೆ.”

ಕೊನ್ರಾಡ್ ಶಿಲುಬೆಯ ಗುರುತು ಮಾಡಿ ಒಪ್ಪಿದರು. ಆಗ ರೋಶ್ನಿ, ಇಷ್ಟು ಹೊತ್ತು ಬಾಗಿಲಾಚೆ ಚಪ್ಪಲಿಗಳ ನಡುವೆ ನಿಂತಿದ್ದವಳು, ಒಳಗೆ ಬಂದಳು. ಫರ್ಸಾನಾ ತಟ್ಟೆಯಲ್ಲಿ ಉಳಿದಿದ್ದ ಕೊನೆಯ ಉನ್ನಕ್ಕಾಯಿಯನ್ನು ಎರಡು ಮಾಡಿ ದೊಡ್ಡ ತುಂಡನ್ನು ತಾನು ಇಟ್ಟುಕೊಂಡಳು. ಸಂಧಾನ ಮುಗಿಯಿತು.

ಫೈನಲಿನ ಸಂಜೆ ಗಾಳಿ ಇತ್ತು. ಶಬೀರನ ಕ್ಯಾಮೆರಾವನ್ನು ಮೈದಾನದ ಒಂದು ಬದಿಯಲ್ಲಿ ಮೂರುಕಾಲಿನ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಅದು ಅಲುಗಾಡದ ಹಾಗೆ ಕೊನ್ರಾಡ್ ಶೋರೂಮಿನಿಂದ ತಂದ ಪ್ಲಾಸ್ಟಿಕ್ ಪಟ್ಟಿಗಳಿಂದ ಹಿಡಿಯನ್ನು ಬಿಗಿದರು. ಶಬೀರ್ ಪಕ್ಕದಲ್ಲಿ ಕೈಕಟ್ಟಿ ನಿಂತ. ಮುಖ್ಯ ಅತಿಥಿಗಳು ಬಂದಾಗ ಅವನ ಬೆರಳುಗಳು ತಾವಾಗಿ ಕ್ಯಾಮೆರಾದ ಕಡೆ ಹೋಗುವುದನ್ನು ಕಂಡು ಪ್ರೀಮಾ ಅವನಿಗೆ ಹಿಡಿದುಕೊಳ್ಳಲು ತನ್ನ ಚೀಲ ಕೊಟ್ಟಳು. ಕ್ಯಾಮೆರಾದ ಬಳಿ ಕುರ್ಚಿ ಹಾಕಿ ಕುಂಞಿಪಾತುಮ್ಮ ಕುಳಿತರು, ಪಕ್ಕದಲ್ಲಿ ನಾನು. ಎದುರು ಬದಿಯಲ್ಲಿ ತಂಡದ ಬೆಂಚಿಗೆ ಬಿಸಿಲು ಹೊಡೆಯುತ್ತಿತ್ತು. ಬಾವಾ ಕಾರಿನ ಡಿಕ್ಕಿಯಿಂದ ಆ ಫ್ಲೆಕ್ಸನ್ನು ತಂದು, ಬಿಳಿಯ ಹಿಂಬದಿ ಹೊರಗಾಗುವಂತೆ, ಹುಡುಗಿಯರಿಗೆ ನೆರಳು ಕಟ್ಟಿದರು. ಅದು ಬಹಳ ವಿವೇಕದ ಕೆಲಸ ಎಂದು ನಾನೂ ಮೆಚ್ಚಿದೆ.

ಪಂದ್ಯ ಶುರುವಾಯಿತು. ರೋಶ್ನಿ ಓಡಿದಳು. ಕ್ಲಬ್ಬಿನಲ್ಲಿ ವಾರಗಟ್ಟಲೆ ಬೆಂಚಿನಲ್ಲಿ ಕೂಡಿಟ್ಟದ್ದನ್ನೆಲ್ಲ ಒಂದೇ ದಿನ ಓಡಿ ತೀರಿಸುವವಳ ಹಾಗೆ ಓಡಿದಳು. ಇಪ್ಪತ್ತನೆಯ ನಿಮಿಷಕ್ಕೆ ಅವಳು ಕೊಟ್ಟ ಚೆಂಡಿನಿಂದ ನಮ್ಮ ಶಾಲೆಗೆ ಒಂದು ಗೋಲು. ಕುಂಞಿಪಾತುಮ್ಮ ಮಾತ್ರ ಬೇರೊಂದು ಚಿಂತೆಯಲ್ಲಿದ್ದರು.

“ಆ ಕಪ್ಪಂಗಿಯವ ಆಗಿನಿಂದ ಅತ್ತ ಇತ್ತ ಓಡ್ತಾ ಉಂಟು. ಅದಕ್ಕೆ ಯಾರೂ ಚೆಂಡೇ ಕೊಡುವುದಿಲ್ಲ, ಪಾಪ” ಎಂದರು.

“ಅವರು ರೆಫರಿ, ಉಮ್ಮ.”

“ಏನಾದರೂ ಆಗಲಿ. ಮನುಷ್ಯ ಅಲ್ವಾ.”

ವಿರಾಮದ ನಂತರ ಗಾಳಿ ಜೋರಾಯಿತು. ಐವತ್ತೆರಡನೆಯ ನಿಮಿಷದಲ್ಲಿ ಫ್ಲೆಕ್ಸಿನ ಕೆಳಗಿನ ಎರಡು ಹಗ್ಗಗಳು ಬಿಚ್ಚಿಕೊಂಡವು. ಇಡೀ ಫ್ಲೆಕ್ಸ್ ಎದ್ದು, ಹಿಂದಿನ ತಂತಿಬೇಲಿಗೆ ಮಗುಚಿ, ಅಲ್ಲೇ ಸಿಕ್ಕಿಕೊಂಡಿತು. ಹದ್ದು, ಬಾವುಟ, ಹತ್ತು ಅಡಿ ಅಗಲದ ರೋಶ್ನಿಯ ನಗು, ಕೆಳಗೆ ದೊಡ್ಡ ಇಂಗ್ಲಿಷ್ ಅಕ್ಷರಗಳು, ಎಲ್ಲವೂ ನೇರ ಕ್ಯಾಮೆರಾವನ್ನು ನೋಡಿದವು.

ಅದನ್ನು ಮೊದಲು ಕಂಡವರು ಗೋಲಿನ ಹಿಂದೆ ಕುಳಿತಿದ್ದ ಕೊನ್ರಾಡ್. ಬಾಯಿ ತೆರೆದರು. ಮುಚ್ಚಿದರು. ಎದ್ದು ನಿಂತು ಎರಡೂ ಕೈಗಳಿಂದ ಏನನ್ನೋ ಮಗುಚುವ ಹಾಗೆ ಸನ್ನೆ ಮಾಡಿದರು. ಹರ್ಬರ್ಟ್ ಸರ್ ಅದನ್ನು ಆಟಗಾರ್ತಿಯನ್ನು ಬದಲಿಸಿ ಎಂಬ ಸಲಹೆಯೆಂದು ತಿಳಿದು ಬೆನ್ನು ತಿರುಗಿಸಿದರು. ಕೊನ್ರಾಡ್ ಬಾವಾರ ಕಡೆ ಸನ್ನೆ ಮಾಡಿದರು. ಬಾವಾ ಫ್ಲೆಕ್ಸ್ ನೋಡಿ, ಮುದ್ರಣದ ಬಣ್ಣ ಬಿಸಿಲಿಗೂ ಮಾಸಿಲ್ಲವೆಂದು ಸಂತೋಷಪಟ್ಟು ಹೆಬ್ಬೆರಳು ಎತ್ತಿ ತೋರಿಸಿದರು. ವಿರಾಮದ ನಂತರ ಬದಿ ಬದಲಾಗಿ ಅದೇ ಗೋಲಿನಲ್ಲಿದ್ದ ಫರ್ಸಾನಾ ಹಿಂದಕ್ಕೆ ತಿರುಗಿ ಕೊನ್ರಾಡರನ್ನು ನೋಡಿದಳು. ತುಟಿಯ ಮೇಲೆ ಬೆರಳಿಟ್ಟಳು. ಕೊನ್ರಾಡ್ ಕುಳಿತರು. ಜೀವಮಾನದಲ್ಲಿ ಅವರು ಹೇಳಲೇಬೇಕಾಗಿದ್ದ ಒಂದು ಮಾತು ಇದ್ದರೆ ಅದು ಆಗ ಇತ್ತು. ಹೇಳದೆ ಉಳಿಸಿಕೊಂಡದ್ದೂ ಅದೊಂದೇ.

ನಾನೂ ಕಂಡೆ ಎಂಬುದನ್ನು ಮುಚ್ಚಿಡಬಾರದು. ಆದರೆ ಆಗ ಎದುರಾಳಿಗಳಿಗೆ ಪೆನಾಲ್ಟಿ ಸಿಕ್ಕಿ, ಫರ್ಸಾನಾ ಬಲಕ್ಕೆ ಹಾರಿ ಚೆಂಡನ್ನು ಬೆರಳ ತುದಿಯಿಂದ ಕಂಬದಾಚೆ ತಳ್ಳಿದಳು. ಆಮೇಲೆ ನನಗೆ ಫ್ಲೆಕ್ಸಿನ ನೆನಪೇ ಆಗಲಿಲ್ಲ. ಕೊನೆಗೆ ಎದುರಾಳಿಗಳೂ ಒಂದು ಗೋಲು ಹೊಡೆದು ಪಂದ್ಯ ಒಂದಕ್ಕೊಂದು ಸಮ. ಕತ್ತಲಾಗುವುದರೊಳಗೆ ಮೈದಾನ ಬಿಡಬೇಕಾಗಿದ್ದರಿಂದ ಎರಡೂ ತಂಡಗಳನ್ನು ಜಂಟಿ ವಿಜೇತರೆಂದು ಸಾರಿದರು. ಟ್ರೋಫಿ ತಲಾ ಆರು ತಿಂಗಳು. ಮೊದಲ ಆರು ತಿಂಗಳು ಯಾರ ಬಳಿ ಎಂದು ಇಬ್ಬರು ಪಿ.ಟಿ. ಮಾಸ್ತರರ ನಡುವೆ ನಡೆದ ಸ್ಪರ್ಧೆ ಪಂದ್ಯಕ್ಕಿಂತ ಬಿರುಸಾಗಿತ್ತು.

ಕತ್ತರಿಸಬಾರದು ಎಂದು ಬರೆದಿದ್ದರಿಂದ ವಿಡಿಯೊವನ್ನು ಹಾಗೆಯೇ ಕಳಿಸಿದರು. ಎರಡು ದಿನದಲ್ಲಿ ಉತ್ತರ ಬಂತು. ನಾವು ಎಲ್ಲರೂ ಕೊನ್ರಾಡರ ಮನೆಯಲ್ಲಿ ಸೇರಿದೆವು.

ಮಾರ್ಗೊ ಮೂರು ವಿಷಯ ಬರೆದಿದ್ದರು. ಒಂದು, ರೋಶ್ನಿಯ ಓಟ ಚೆನ್ನಾಗಿದೆ. ಎರಡು, ಆ ಗೋಲಿ ಯಾರು, ಅವಳ ವಿಳಾಸ ಸಿಗಬಹುದೇ. ಮೂರು, ಬೇಲಿಯ ಮೇಲಿನ ಬ್ಯಾನರಿನ ಪ್ರಕಾರ ರೋಶ್ನಿಯನ್ನು ಬೇರೊಂದು ಅಮೆರಿಕದ ಕಾಲೇಜು ಈಗಾಗಲೇ ಆಯ್ಕೆ ಮಾಡಿದ ಹಾಗಿದೆ. ಹಾಗಿದ್ದರೆ ಅಭಿನಂದನೆಗಳು, ನಾವು ಮುಂದುವರಿಯುವುದಿಲ್ಲ. ಅದು ಯಾವ ಕಾಲೇಜು ಎಂದು ದಯವಿಟ್ಟು ತಿಳಿಸಿ.

ಕೊನ್ರಾಡ್ ಕುರ್ಚಿಯಲ್ಲಿ ಕುಸಿದರು.

“ಅದು ಬೇರೆ ರೋಶ್ನಿ ಅಂತ ಬರೆಯುವ” ಎಂದರು ಬಾವಾ.

“ಮುಖ ಹತ್ತು ಅಡಿ ಉಂಟಲ್ಲ ಬಾವಾಕಾ.”

“ಹಾಗಾದರೆ ಅಂಗಡಿಯ ಸ್ಯಾಂಪಲ್ ಅಂತ ಬರೆಯುವ. ಬಣ್ಣ ಪರೀಕ್ಷೆಗೆ ಹೊಡೆದದ್ದು ಅಂತ.”

“ರಾಜೀವಕ್ಕ, ನೀವು ಒಂದು ಸರಿಯಾದ ಇಂಗ್ಲಿಷಿನಲ್ಲಿ, ಅವರಿಗೂ ಬೇಜಾರಾಗದ ಹಾಗೆ…”

“ಇದ್ದದ್ದು ಬರೆಯಿರಿ” ಎಂದಳು ಪ್ರೀಮಾ.

ರೋಶ್ನಿ ತಂದೆಯ ಕೈಯಿಂದ ಫೋನು ತೆಗೆದುಕೊಂಡಳು. ಅವಳ ಮುಖ ಬಿಳುಪೇರಿತ್ತು. ಅವಳಿಗೆ ಆ ಕಾಲೇಜು ಬೇಕಿತ್ತು ಎಂಬುದು ನಮಗೆಲ್ಲ ಆ ಕ್ಷಣದಲ್ಲೇ ತಿಳಿದದ್ದು. ಫ್ಲೆಕ್ಸು, ಟೊಪ್ಪಿ, ಕೇಕುಗಳ ನಡುವೆ ಅದನ್ನು ಅವಳ ಹತ್ತಿರ ಯಾರೂ ಕೇಳಿರಲಿಲ್ಲ.

“ಯು ಟೆಲ್, ಪಪ್ಪಾ. ಐ ವಿಲ್ ಟೈಪ್” ಎಂದಳು.

ಕೊನ್ರಾಡ್ ಎದ್ದು ಕಿಟಕಿಯ ಬಳಿ ಹೋಗಿ ನಿಂತರು. ಬೆನ್ನು ನಮ್ಮ ಕಡೆಗಿತ್ತು. ಅವರು ಹೇಳಿದ್ದನ್ನು ಒಂದೂ ಬಿಡದೆ ಅವಳು ಇಂಗ್ಲಿಷಿನಲ್ಲಿ ಬರೆದಳು.

“ಮೇಡಂ, ನನ್ನ ಮಗಳನ್ನು ಯಾವ ಕಾಲೇಜೂ ಆಯ್ಕೆ ಮಾಡಿಲ್ಲ. ಆ ಬ್ಯಾನರಿನಲ್ಲಿರುವ ಕಾಲೇಜು ನಿಮ್ಮದೇ. ನಿಮ್ಮ ಕಂಪ್ಯೂಟರ್ ನನಗೆ ಒಂದು ನಂಬರ್ ಕಳಿಸಿತು. ನನ್ನ ಕೆಲಸದಲ್ಲಿ ನಂಬರ್ ಕೊಟ್ಟರೆ ಒಪ್ಪಿದ ಹಾಗೆ. ನಾನು ಲಿಫ್ಟಿನಲ್ಲಿ ಒಬ್ಬರಿಗೆ ಮಾತ್ರ ಹೇಳಿದೆ. ಅವರಿಗೆ ಫ್ಲೆಕ್ಸಿನ ಅಂಗಡಿ ಉಂಟು. ಮಗಳು ಮೊದಲನೆಯ ದಿನವೇ ನಿಜ ಹೇಳಿದ್ದಳು, ನಾನು ಕೇಳಲಿಲ್ಲ. ತಪ್ಪು ನನ್ನದು, ಅವಳ ಆಟದ್ದಲ್ಲ. ಗೋಲಿಯ ಹೆಸರು ಫರ್ಸಾನಾ. ಅವಳೂ ನಮ್ಮ ಕಟ್ಟಡದವಳೇ. ಬಹಳ ಸ್ಟ್ರಿಕ್ಟ್.”

“ಅಂಗಡಿ ನನ್ನದಲ್ಲ, ನಾನು ಸೂಪರ್‌ವೈಸರ್ ಅಂತ ಸೇರಿಸು ಮಗಾ” ಎಂದರು ಬಾವಾ. ಅದನ್ನು ಸೇರಿಸಲಿಲ್ಲ.

ಬಳಗದ ವಾರ್ಷಿಕೋತ್ಸವ ನಡೆಯಿತು. ವೇದಿಕೆಯ ಹಿಂದೆ ಅದೇ ಫ್ಲೆಕ್ಸ್. ಬಾವಾ ‘ಅಮೆರಿಕದ ಕಾಲೇಜು ತಂಡಕ್ಕೆ ಆಯ್ಕೆಯಾದ’ ಎಂಬುದರ ಮೇಲೆ ‘ಅಂತರ ಶಾಲಾ ಜಂಟಿ ವಿಜೇತ’ ಎಂಬ ಪಟ್ಟಿ ಅಂಟಿಸಿ, ಹದ್ದಿನ ಮೇಲೆ ಫರ್ಸಾನಾಳ ಫೋಟೊ ಮೆತ್ತಿದ್ದರು. ಹದ್ದಿನ ರೆಕ್ಕೆಗಳು ಅವಳ ಎರಡೂ ಭುಜಗಳಿಂದ ಹೊರಗೆ ಚಾಚಿದ್ದು ಗೋಲಿಗೆ ಒಪ್ಪುವಂತೆಯೇ ಇತ್ತು. ಶಾಲು ಯಾರಿಗೆ ಹೊದಿಸುವುದು ಎಂಬ ಪ್ರಶ್ನೆ ಬಂದಾಗ ಕೊನ್ರಾಡ್ ತಾವೇ ಅದನ್ನು ತೆಗೆದುಕೊಂಡು ಸಭೆಗೆ ಇಳಿದು, ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದ ಹರ್ಬರ್ಟ್ ಸರ್ ಹೆಗಲಿಗೆ ಹಾಕಿದರು. ಭಾಷಣ ಮಾಡಲಿಲ್ಲ. ಶಬೀರ್ ಅದನ್ನು ಮೂರು ಸಲ ಮಾಡಿಸಿ ತೆಗೆದ.

ಮಾರ್ಗೊ ಅವರ ಉತ್ತರ ಬಂದದ್ದು ಅದರ ಮರುವಾರ. ಈ ಸಲ ಅದು ತಂದೆಗಲ್ಲ, ರೋಶ್ನಿಗೆ. ಜೂನ್ ತಿಂಗಳಲ್ಲಿ ಫೋನಿನಲ್ಲಿ ಮಾತಾಡೋಣ, ಅಲ್ಲಿಯವರೆಗೆ ಆಡುತ್ತಿರು, ಕ್ಲಬ್ಬೂ ಇರಲಿ, ಗೆಳತಿಯರ ಜೊತೆಯ ಆಟವೂ ಇರಲಿ ಎಂದಿತ್ತು. ‘ನಿನ್ನ ಬೆಳವಣಿಗೆಯನ್ನು ಗಮನಿಸಲು ನಾವು ಉತ್ಸುಕರಾಗಿದ್ದೇವೆ’ ಎಂಬುದು ಕೊನೆಯ ಸಾಲು. ಮೊದಲ ಪತ್ರದ್ದೇ ಅಕ್ಷರಶಃ ಅದೇ ವಾಕ್ಯ. ನಂಬರ್ ಮಾತ್ರ ಇರಲಿಲ್ಲ. ಕೆಳಗೆ ಒಂದು ಹೆಸರಿತ್ತು, ಅದರ ಕೆಳಗೆ ‘ಚೆಂಡು ಸಿಗದ ರೆಫರಿಯ ಬಗ್ಗೆ ಮರುಗಿದ ಅಜ್ಜಿಗೆ ನನ್ನ ವಂದನೆ, ನಮ್ಮಲ್ಲಿ ಕನ್ನಡ ಬಲ್ಲ ವಿದ್ಯಾರ್ಥಿಯೊಬ್ಬಳು ಅನುವಾದಿಸಿದಳು’ ಎಂದಿತ್ತು.

ಅದೇ ದಿನ ಫರ್ಸಾನಾಳಿಗೂ ಒಂದು ಪತ್ರ ಬಂದಿತ್ತು. ಇದು ನನಗೆ ಗೊತ್ತಾದದ್ದು ಪ್ರೀಮಾ ಮತ್ತು ರಮ್ಲಾ ಬೇರೆ ಬೇರೆಯಾಗಿ ಬಂದು ಗುಟ್ಟು ಹೇಳಿದ್ದರಿಂದ. ಹುಡುಗಿಯರಿಬ್ಬರೂ ತಮ್ಮ ತಮ್ಮ ತಂದೆಗೆ ಒಂದೇ ಆಜ್ಞೆ ಕೊಟ್ಟಿದ್ದರು: ಜೂನ್ ತನಕ ಹೊರಗೆ ಯಾರಿಗೂ, ಮುಖ್ಯವಾಗಿ ಲಿಫ್ಟಿನಲ್ಲಿ, ಒಂದಕ್ಷರ ಹೇಳಬಾರದು.

ಆ ಸಂಜೆ ನಾನು ತರಕಾರಿ ಚೀಲ ಹಿಡಿದು ಲಿಫ್ಟಿಗೆ ಹತ್ತಿದಾಗ ಒಳಗೆ ಕೊನ್ರಾಡ್ ಮತ್ತು ಬಾವಾ ಇಬ್ಬರೂ ಇದ್ದರು. ಬಾಗಿಲು ಮುಚ್ಚಿತು. ಇಬ್ಬರೂ ಮಹಡಿಯ ಅಂಕಿ ಬೆಳಗುವುದನ್ನು ನೋಡುತ್ತಾ ನಿಂತರು. ಕೊನ್ರಾಡರ ಕಿವಿ ಕೆಂಪಾಗಿತ್ತು. ಬಾವಾ ಗಂಟಲು ಸರಿಮಾಡಿಕೊಂಡರು.

“ಎಂತ ವಿಶೇಷ ಪೊರ್ಬುಗಳೇ?”

“ಎಂತ ಇಲ್ಲ. ನಿಮ್ಮದು?”

“ಎಂತ ಇಲ್ಲ.”

ಐದನೆಯ ಮಹಡಿಯಲ್ಲಿ ಬಾವಾ ಇಳಿದರು. ಬಾಗಿಲಿಗೆ ಪಾದ ಅಡ್ಡವಿಟ್ಟರು. ಬಾಯಿ ತೆರೆದರು. ಕೊನ್ರಾಡರೂ ತೆರೆದರು. ಬಾಗಿಲು ಮುಚ್ಚಲು ಬಂದು, ಪಾದಕ್ಕೆ ತಗುಲಿ ಹಿಂದೆ ಸರಿಯಿತು. ಬಳಿಕ ಬಾವಾ, “ಸೆಕೆ ಶುರುವಾಯ್ತು” ಎಂದು ಹೇಳಿ ಪಾದ ತೆಗೆದರು.

ಲಿಫ್ಟು ಮೇಲೇರಿತು. ಕೊನ್ರಾಡ್ ಗೋಡೆಗೆ ಒರಗಿ ಕರ್ಚೀಫಿನಿಂದ ಹಣೆ ಒರೆಸಿಕೊಂಡರು.

“ರಾಜೀವಕ್ಕ, ಇದು ಏಳನೆಯ ಮಹಡಿಗೆ ಎಷ್ಟು ಸೆಕೆಂಡು ಅಂತ ಹೇಳಿದ್ರಿ?”

“ನಲವತ್ತೊಂದು.”

“ಇಲ್ಲ, ಇವತ್ತು ಅದಕ್ಕಿಂತ ತುಂಬಾ ಜಾಸ್ತಿ ಆಯ್ತು. ಇದೂ ಹಾಳಾಗ್ತಾ ಉಂಟು” ಎಂದರು ಕೊನ್ರಾಡ್.